ನಾಲ್ಕನೇ ಜ್ವರ

ನೋಟಿಸ್ ಬೋರ್ಡಿನ ಗಾಜಿನ ಹಿಂದೆ ನಾನೇ ಅಂಟಿಸಿದ್ದು:
ವಿದ್ಯಾರ್ಥಿವೇತನದ ನವೀಕರಣಕ್ಕೆ
ಹಾಜರಾತಿ ಶೇಕಡ ಎಪ್ಪತ್ತೈದು,
ಅಂಕ ಶೇಕಡ ಐವತ್ತು,
ಬ್ಯಾಕ್‌ಲಾಗ್ ಒಂದೂ ಇರಕೂಡದು,
ಪ್ರಗತಿ ತೃಪ್ತಿಕರವಾಗಿರತಕ್ಕದ್ದು.
ಯಾರಿಗೆ ತೃಪ್ತಿ ಎಂದು ಬರೆದಿಲ್ಲ.
ಹನ್ನೊಂದು ವರ್ಷದಿಂದ ಇದೇ ಒಕ್ಕಣೆ,
ತಾರೀಖು ಮಾತ್ರ ತಿದ್ದುತ್ತೇನೆ.

ಶಿಡ್ಲಘಟ್ಟದ ಈ ಕಾಲೇಜಿನ ಆಫೀಸಿಗೆ
ಗಾಳಿ ಬೀಸಿದರೆ ಜೊತೆಗೆ ಬೇಯುವ ಗೂಡಿನ ನಾತ.
ಹೊಸ ಮೇಷ್ಟರು ಒಂದು ವಾರ ಮೂಗು ಮುಚ್ಚುತ್ತಾರೆ.
ಆಮೇಲೆ ಅವರ ಅಂಗಿಗೂ ಅದೇ.

ಮೌನಿಕಾ ಎಂ. ವಿ., ಎರಡನೇ ಬಿ.ಕಾಂ.,
ಬಚ್ಚಹಳ್ಳಿ ಗೇಟಿನಿಂದ ಏಳೂವರೆ ಬಸ್ಸು.
ಅಂಕ ಅರವತ್ತೆರಡು, ತಕರಾರಿಲ್ಲ.
ಹಾಜರಾತಿ ಎಪ್ಪತ್ತೊಂದು ಪಾಯಿಂಟ್ ನಾಲ್ಕು.
ಫೈಲಿನಲ್ಲಿ ಅವಳ ರಜಾ ಚೀಟಿಗಳು,
ನೋಟ್‌ಬುಕ್ಕಿನ ನಡುಹಾಳೆ, ಗುಂಡು ಅಕ್ಷರ:
‘ನಾಲ್ಕನೇ ಜ್ವರ ಆದ್ದರಿಂದ
ಏಳು ದಿನ ಬರಲಾಗುವುದಿಲ್ಲ.’
ಇಂಥವು ನಾಲ್ಕು.

ಪ್ರಿನ್ಸಿಪಾಲರು ಕಾರವಾರದ ಕಡೆಯವರು, ಓದಿ ಗಾಬರಿಯಾದರು:
“ಒಂದೇ ವರ್ಷದಲ್ಲಿ ಇಷ್ಟು ಜ್ವರ! ಟೈಫಾಯಿಡೇನ್ರೀ?
ರಕ್ತ ಪರೀಕ್ಷೆ ಮಾಡಿಸಿದ್ದಾರಾ?”
ನಾನು ನಗಲಿಲ್ಲ.
ನಮ್ಮ ಕಡೆ ತೊದಲು ಮಗುವಿಗೂ ಗೊತ್ತು,
ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ,
ಒಂದು ಹಗಲು ಒಂದು ರಾತ್ರಿ ಕದಲದೆ ಕೂತರೆ
ಅದು ಜ್ವರ.
ಚರ್ಮ ಕಳಚಿ ಎದ್ದರೆ ಹಸಿವು.
ನಾಲ್ಕನೆಯದು ಎದ್ದ ಮೇಲಂತೂ
ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ
ಮನೆಯೊಳಗೆಲ್ಲ ತಿನ್ನುವ ಸದ್ದು.
ಕೊಯ್ಯಬೇಕು, ಹೊರಬೇಕು, ಹಾಸಬೇಕು, ಮತ್ತೆ ಕೊಯ್ಯಬೇಕು.
ಅವಳ ಅಮ್ಮನ ಬಲಗೈ ಮಣಿಕಟ್ಟು
ಮುರಿದು ಕೂಡಿದ್ದು ಸೊಟ್ಟಗೆ.

ನಿಯಮದಲ್ಲಿ ಒಂದು ಕಿಂಡಿಯಿದೆ:
ಅನಾರೋಗ್ಯಕ್ಕೆ ಶೇಕಡ ಐದರ ವಿನಾಯಿತಿ.
ಜ್ವರ ಅಂತ ಅವಳ ಕೈಯಲ್ಲೇ ಬರೆದಿದೆ,
ಯಾರ ಜ್ವರ ಎಂದು ಫಾರಂ ಕೇಳುವುದಿಲ್ಲ.
ಕರೆಸಿದೆ. “ಇಲ್ಲೊಂದು ಸಹಿ ಹಾಕಮ್ಮ,
ಡಾಕ್ಟರು ನನಗೆ ಪರಿಚಯ, ಉಳಿದದ್ದು ನನಗೆ ಬಿಡು.”

ಪೆನ್ನು ತೆಗೆದುಕೊಂಡಳು. ಬೆರಳ ಸಂದಿಯಲ್ಲಿ
ಹಿಪ್ಪುನೇರಳೆಯ ಹಾಲು ಕಪ್ಪಗೆ ಒಣಗಿತ್ತು.
ಸಹಿ ಹಾಕಲಿಲ್ಲ.
‘ನಾಲ್ಕನೇ’ ಎಂಬುದರ ಹಿಂದೆ ಪುಟ್ಟ ಬಾಣ ಎಳೆದು
‘ಹುಳುಗಳಿಗೆ’ ಎಂದು ಸೇರಿಸಿದಳು,
ಒಂದೊಂದೇ ಚೀಟಿ, ನಾಲ್ಕಕ್ಕೂ.
“ನನಗೆ ಜ್ವರ ಬಂದೇ ಇಲ್ಲ ಸಾರ್,
ಬರೋಕೆ ಪುರಸೊತ್ತೆಲ್ಲಿತ್ತು.”

ಸಿಟ್ಟು ಬಂತು. ಅವಳ ಮೇಲೋ, ಬಾಣದ ಮೇಲೋ.
ರಾತ್ರಿ ಹಾಜರಿ ಪುಸ್ತಕಗಳನ್ನು ಮನೆಗೆ ಹೊತ್ತೆ.
ನಮ್ಮಜ್ಜಿ ಚರಕದ ಮುಂದೆ ಕೂತು
ಕುದಿನೀರಿಗೆ ಬೆರಳದ್ದಿ ಗೂಡಿನ ಎಳೆತುದಿ ಹುಡುಕುತ್ತಿದ್ದಳು.
ಸಿಗುವ ತನಕ ಬೈಗುಳ, ಸಿಕ್ಕರೆ ಮಾತಿಲ್ಲ.
ಹುಡುಕಿದೆ.
ಚುನಾವಣೆ ಡ್ಯೂಟಿಗೆ ಹೋದ ಮೇಷ್ಟರ
ನಡೆಯದ ಕ್ಲಾಸಿಗೂ ಗೈರುಹಾಜರಿ: ಏಳು.
ಅತಿಥಿ ಉಪನ್ಯಾಸಕರು ಸಂಬಳ ಕೇಳಿ
ಗೇಟಿನಾಚೆ ಕೂತಿದ್ದ ದಿನಗಳದ್ದು: ಐದು.
ಕಳೆದೆ, ಭಾಗಿಸಿದೆ.
ಎಪ್ಪತ್ನಾಲ್ಕು ಪಾಯಿಂಟ್ ಆರು.
ಚಹಾ ಕುಡಿದು ಇನ್ನೊಮ್ಮೆ ಭಾಗಿಸಿದೆ.
ಅಷ್ಟೇ.

ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದ್ದೇನೆ,
ಬಾಣ ಹಾಕಿದ ಚೀಟಿಗಳ ಸಮೇತ.
ಮೂರು ವಾರದಿಂದ ಪರದೆಯ ಮೇಲೆ
‘ಪರಿಶೀಲನೆಯಲ್ಲಿದೆ’, ಕದಲದೆ ಕೂತಿದೆ.

ಇವತ್ತು ಕಿಟಕಿಗೆ ಬಂದಳು. ದುಡ್ಡಿನ ಮಾತೆತ್ತಲಿಲ್ಲ.
“ಇಂಟರ್ನಲ್ಸ್ ಯಾವತ್ತಿಂದ ಸಾರ್?”
“ಹದಿನೆಂಟರಿಂದ.”
ಬೆರಳು ಮಡಿಸಿ ಎಣಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.
“ಎರಡನೇ ಜ್ವರ ನಿನ್ನೆ ಎದ್ದವೆ.
ಒಂದೆರಡು ದಿನ ಮುಂದಕ್ಕೆ ಹೋದ್ರೆ ಸರಿಹೋಗುತ್ತೆ.”
ಯಾವುದು, ಪರೀಕ್ಷೆಯೋ ಹುಳುವೋ,
ಕೇಳುವಷ್ಟರಲ್ಲಿ ಬಸ್ಸು ಹಾರನ್ನು ಹೊಡೆಯಿತು.