ಮುಂಬಾಗಿಲ ಟಿಕೆಟ್ಟು

ಆರು ವರ್ಷದಿಂದ ನಾನು ಆ ಪಾರ್ಕಿನ ಹಿಂಬದಿಯವನು.
ಮಂಗಳವಾರ, ಶುಕ್ರವಾರ, ಎರಡೆರಡು ಲೋಡು.
ಗೋಡೆಗೊತ್ತಿ ಟ್ಯಾಂಕರ್ ನಿಲ್ಲಿಸಿ
ತಗಡಿನ ಮಾಡಿನ ಸಂದಿಗೆ ಪೈಪು ತುರುಕಿ ವಾಲ್ವು ತಿರುಗಿಸಿದರೆ
ಎರಡು ಬೀಡಿ ಮುಗಿಯುವಷ್ಟರಲ್ಲಿ ಕೊಳ ಮೊಣಕಾಲೆತ್ತರ.
ಮೇಲಿಂದ ಇಣುಕಿದರೆ ತಗಡಿನಾಚೆ ಕಾಣುವುದು ಬಾಲ, ಬರೀ ಬಾಲ,
ಸವೆದ ಟೈರನ್ನು ಉದ್ದಕ್ಕೆ ಸೀಳಿ ಬಿಸಿಲಿಗೆ ಒಗೆದ ಹಾಗೆ.
ಬೆನ್ನು ತಿರುಗಿಸಿಕೊಂಡೇ ಇರುತ್ತೆ, ಕೊಬ್ಬು, ಅಂದುಕೊಂಡಿದ್ದೆ.

ಚರಿತಾ ಶಾಲೆಯಲ್ಲಿ ಹೇಳಿಬಿಟ್ಟಿದ್ದಾಳೆ,
"ಮೊಸಳೆಗೆ ನೀರು ಬಿಡೋದೇ ನಮ್ಮಪ್ಪ."
ಯಾರೂ ನಂಬಿಲ್ಲ.
ಅದಕ್ಕೇ ಈ ಭಾನುವಾರ ಶ್ರೀನಿವಾಸಪುರದ ಬಸ್ಸು ಹತ್ತಿ
ಮಾವಿನ ತೋಪುಗಳ ನಡುವೆ ಇಳಿದು,
ಅಮರಾವತಿ ಜರಿಯಂಚಿನ ಸೀರೆ, ನಾನು ಇಸ್ತ್ರಿ ಅಂಗಿ,
ಮುಂಬಾಗಿಲಲ್ಲಿ ನಿಂತೆವು.
ದೊಡ್ಡವರಿಗೆ ಅರವತ್ತು, ಮಕ್ಕಳಿಗೆ ಮೂವತ್ತು.
ಟಿಕೆಟ್ಟಿನವನು ತಲೆಯೆತ್ತಲಿಲ್ಲ.
ನಾನು ಟ್ಯಾಂಕರಿನವನು ಅನ್ನಬಹುದಿತ್ತು.
ಅನ್ನಲಿಲ್ಲ. ಚಿಲ್ಲರೆ ಎಣಿಸಿ ಕೊಟ್ಟೆ.

ಒಳಗೆ ಸಿಮೆಂಟಿನ ಅಣಬೆ, ಸಿಮೆಂಟಿನ ಜಿಂಕೆ,
ಬಾಯಿ ತೆರೆದ ಸಿಮೆಂಟಿನ ಮೊಸಳೆ, ಅದರೊಳಗೆ ಕಸ.
ಆಮೇಲೆ ಕಂಬಿ. ಕಂಬಿಯಾಚೆ ಅದು.
ಮೊದಲ ಸಲ ಮುಖ ನೋಡಿದೆ.
ಬಾಯಿ ಮುಚ್ಚಿದರೂ ಹಲ್ಲು ಹೊರಗೇ;
ಮೂಗಿನ ತುದಿಗೆ ಕೂತ ನೊಣ
ನಿಶ್ಚಿಂತೆಯಿಂದ ಕೈ ಉಜ್ಜಿಕೊಳ್ಳುತ್ತಿತ್ತು.

ಹತ್ತು ನಿಮಿಷ. ಇಪ್ಪತ್ತು.
ಕೆಂಪು ಟೋಪಿಯವನೊಬ್ಬ ತೀರ್ಪು ಕೊಟ್ಟ,
"ಇದೂ ಸಿಮೆಂಟ್‌ದೇ ಕಣ್ರೋ, ಐವತ್ತು ರೂಪಾಯಿ ಬೆಟ್ಟು."
ಕಡಲೆಕಾಯಿ ಬಿತ್ತು. ಬಾಟಲಿ ಮುಚ್ಚಳ ಬಿತ್ತು.
ಯಾರೋ ಅಜ್ಜಿ ಕಣ್ಣಿಗೊತ್ತಿಕೊಂಡು ಒಂದು ರೂಪಾಯಿ ಹಾಕಿತು.
ಮಗಳು ಕಂಬಿಗೆ ಬಾಯಿಟ್ಟು ಪಿಸುಗುಟ್ಟಿದಳು,
"ನಮ್ಮಪ್ಪ ಬಂದವ್ರೆ, ನೋಡು."
ನಾನು ಆ ಕಡೆ ತಿರುಗಿ ಬೋರ್ಡು ಓದತೊಡಗಿದೆ.

ವಾಸ: ನದಿ, ಕೆರೆ, ಜೌಗು ನೆಲ.

"ಯಾವ ನದೀದು ಇದು?"
ಕಾವಲಿನ ಗಂಗುಲಪ್ಪ ನಕ್ಕ,
"ಇಲ್ಲೇ ಹುಟ್ಟಿದ್ದು ಪಾಪಾ, ಆ ಮರಳುಗುಡ್ಡೇಲಿ. ನದಿಗಿದಿ ಕಂಡಿಲ್ಲ."
"ನೀನು ಕಂಡಿದೀಯ ಅಪ್ಪ?"

ಪಾಲಾರಿನ ಸೇತುವೆ ಸಾವಿರ ಸಲ ದಾಟಿದ್ದೇನೆ.
ಸೇತುವೆ ಕಂಡಿದ್ದೇನೆ. ಕೆಳಗೆ ಜಾಲಿ, ಹುಡುಗರ ಕ್ರಿಕೆಟ್ಟು.
ಮಳೆ ಜೋರಾದ ಒಂದು ವರ್ಷ ನೀರು ಹರಿಯಿತಂತೆ,
ಊರೆಲ್ಲ ಹೋಗಿ ಅರಿಶಿನ ಕುಂಕುಮ ಬಿಟ್ಟಿತಂತೆ.
ಅವತ್ತು ನಾನು ಲೋಡಿಗೆ ಹೋಗಿದ್ದೆ.

ಆಗ ಕೇಳಿಸಿತು ಗೋಡೆಯಾಚೆ
ಎರಡನೇ ಗೇರಿನ ನರಳಾಟ, ನನ್ನದೇ ಗಾಡಿ.
ಭಾನುವಾರದ ಹೆಚ್ಚುವರಿ ಟ್ರಿಪ್ಪು, ಬದಲಿಗೆ ಸಾದಿಕ್.
ಪೈಪು ತಗಡಿಗೆ ತಾಗುವ ಮೊದಲೇ
ನೊಣ ಹಾರಿತು.
ನಾಲ್ಕು ಕಾಲ ಮೇಲೆ ಇಡೀ ಮೈ ಎದ್ದಿತು,
ಅಷ್ಟೆತ್ತರ ಇದೆಯೆಂದು ಯಾರಿಗೆ ಗೊತ್ತಿತ್ತು!
ಜನ ಕಿರುಚಿದರು, ಮೊಬೈಲುಗಳು ಮೇಲೆದ್ದವು,
ಕೆಂಪು ಟೋಪಿ ಗುಂಪಲ್ಲಿ ಕರಗಿತು.
ಅದು ಯಾರನ್ನೂ ಗಮನಿಸದೆ ನಡೆದು
ತಗಡಿನಡಿಗೆ ತಲೆ ತೂರಿಸಿ, ಗೋಡೆಗೆ ಎದುರಾಗಿ ನಿಂತಿತು.
ನಮ್ಮ ಮೂಲೆಯಿಂದ ಕಂಡಿತು:
ಮುಚ್ಚಿದ ಕಣ್ಣು, ಧಾರೆಯ ಕಡೆಗೆ ಎತ್ತಿದ ಮೂತಿ.
ಧಾರೆ ಮಾತ್ರ ಒಂದು ಗೇಣು ಎಡಕ್ಕೆ,
ಕಲ್ಲಿನ ಮೇಲೆ ಬೀಳುತ್ತಿತ್ತು.

"ನಿನ್ನ ಗಾಡಿ ಗುರುತು ಹಿಡೀತು!" ಮಗಳು ಕುಣಿದಳು.
"ನಮ್ಮ ಬೀದಿಗೆ ಟ್ಯಾಂಕರ್ ಬಂದ್ರೂ ಜನ ಹಿಂಗೇ ಏಳ್ತಾರೆ"
ಅಂದಳು ಅಮರಾವತಿ, ಉಪ್ಪುಕಾರದ ಮಾವಿನಕಾಯಿ ಕಡಿಯುತ್ತ.
ನಾನು ಸುಮ್ಮನಿದ್ದೆ.
ಆರು ವರ್ಷ, ವಾರಕ್ಕೆರಡು ಸಲ,
ಆ ಮುಖ ನನ್ನ ಕಡೆಗೇ ಇತ್ತು.

ಮಂಗಳವಾರ ಮತ್ತೆ ಹಿಂಬದಿ.
ಎರಡು ಲೋಡು, ಒಂದು ಸಹಿ.
ತಗಡಿನಾಚೆ ಬಾಲ.
ಪೈಪನ್ನು ಒಂದು ಗೇಣು ಸರಿಸಿ
ಸಣಬಿನ ಹಗ್ಗದಲ್ಲಿ ಬಿಗಿದೆ.