ಅರ್ಧ ಪಾಲು

ಮೂರು ಚೀಟಿ ಇದ್ದವು ನನ್ನ ಮೇಜಿನ ಮೇಲೆ.
ಮೇಜೆಂದರೆ ಹೊಲಿಗೆ ಮಿಷಿನ್ನಿನ ಮುಚ್ಚಳ.

ಒಂದು ನುಣ್ಣನೆಯ ಕಾಗದದ್ದು:
ಡಬ್ಬಿಯಲ್ಲಿ ಬಾಗಿಲಿಗೇ ಬರುತ್ತದಂತೆ
ಬ್ರೊಕೋಲಿ, ನೇರಳೆ ಕೋಸು, ಹೆಸರು ತಿರುಗದ ಸೊಪ್ಪು.
ಅದರ ಪಕ್ಕ ನನ್ನ ಜೋಳದ ರೊಟ್ಟಿ
ಅಂಗಿಗುಂಡಿ ತಪ್ಪಾಗಿ ಹಾಕಿಕೊಂಡು
ಬೀಗರ ಮನೆಯಲ್ಲಿ ಕೂತ ಅಳಿಯನ ಹಾಗೆ.

ಎರಡನೆಯದು ಅಗ್ಗ. ತೋಟ ಸಂಡೂರು ದಾರಿಗೆ.
ಒಂದು ಭಾನುವಾರ ಹೋಗಿ
ಬದನೆ ಎಲೆಯ ಮೇಲೆ ಬೆರಳಿಟ್ಟೆ,
ಭಂಡಾರದ ಬಟ್ಟಲಲ್ಲಿಟ್ಟಂತೆ, ಆದರೆ ಕೆಂಪಗೆ, ಬಂತು ಬೆರಳು.
ಲಾರಿಗಳು ಹೋಗುತ್ತಲೇ ಇದ್ದವು.
"ತೊಳದ್ರೆ ಹೋಗ್ತೈತಕ್ಕಾ" ಅಂದ ಹುಡುಗ.
ತೊಳೆದರೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಎಂದು
ಜೀನ್ಸ್ ವಾಶಿಂಗಿನಲ್ಲಿ ಹನ್ನೊಂದು ವರ್ಷ ನಿಂತವಳಿಗೆ
ಹೇಳಬಾರದಿತ್ತು.

ಮೂರನೆಯದು ನೋಟ್‌ಬುಕ್ಕಿನ ಹಾಳೆ.
ಮೋಕಾ ದಾಟಿ ಹಗರಿಯ ದಂಡೆ, ಎರ್ರೆಮ್ಮನ ಒಂದೂವರೆ ಎಕರೆ.
ವಾರಕ್ಕೊಂದು ಚೀಲ. ಆರು ತಿಂಗಳ ರೊಕ್ಕ ಮುಂಗಡ.
ಏನು ಬೆಳೆದರೆ ಅದು.
ಕೆಳಗೆ ಬೇರೆ ಮಸಿಯಲ್ಲಿ: ಬೆಳೆಯದಿದ್ದರೆ ಅದೂ.

"ಅದೂ ಅಂದ್ರೆ?" ಫೋನಿನಲ್ಲಿ ಕೇಳಿದೆ.
"ಆಲಿಕಲ್ಲು ಬಿತ್ತು ಅಂತಿಟ್ಕಳ್ರಿ, ಹುಳ ಹತ್ತಿತು ಅಂತಿಟ್ಕಳ್ರಿ.
ಅದನ್ನೂ ಹಂಚ್ಕಂಡು ತಿನ್ನಾದು.
ಮಾರ್ಕೆಟ್ಟಿಗೆ ಹಾಕಿದ್ರೆ ಅದನ್ನ ನಾನೊಬ್ಬಾಕಿನೇ ತಿಂತೀನಿ."
ಎಮ್ಮೆಗೆ ಏನೋ ಬೈದು ಫೋನಿಟ್ಟಳು.

ಪಾಲು ಎಂಬ ಮಾತು ನನಗೆ ಹೊಸದಲ್ಲ.
ಸಿರುಗುಪ್ಪದ ನೋಂದಣಿ ಕಚೇರಿಯ ಬೆಂಚಿನ ಮೇಲೆ
ಅಣ್ಣಂದಿರಿಬ್ಬರ ನಡುವೆ ಕೂತು
ನನಗೆ ಬೇಡವೆಂದು ಬರೆದುಕೊಟ್ಟಿದ್ದೆ.
ಆಮೇಲೆ ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ಕೊಡಿಸಿದರು,
ಹಸಿರು ಸೀರೆಯೊಂದು.
ಜಗಳವಾಗಲಿಲ್ಲವೆಂದು ಊರು ಹೊಗಳಿತು.
ಮಿರ್ಚಿ ಚೆನ್ನಾಗಿತ್ತು, ಇಲ್ಲ ಅನ್ನಬಾರದು.

ಪೂರ್ತಿ ಪಾಲು ಒಬ್ಬಳ ಒಲೆಗೆ ಹೆಚ್ಚು.
ಗೋಡೆಯಾಚೆಯ ಮಾಬುನ್ನಿಯನ್ನು ಕೇಳಿದೆ.
ಅವಳು ಮೊದಲು ಲೆಕ್ಕ ಕೇಳಿದಳು,
ಆಮೇಲೆ ಪುಂಡಿಪಲ್ಯ ಇರುತ್ತಾ ಅಂದಳು,
ರಂಜಾನಿನಲ್ಲಿ ಪುದೀನವೆಲ್ಲ ತನಗೆ ಅಂದಳು.
ಹೀರೆಕಾಯಿ ಬೆಸ ಬಂದರೆ?
ಆ ಒಂದನ್ನು ಯಾರು ಮಾಡಿದರೂ ಇಬ್ಬರೂ ಉಣ್ಣುವುದು.
ಇಷ್ಟಕ್ಕೆ ವಕೀಲರು ಬೇಕಾಗಲಿಲ್ಲ.

ರೊಕ್ಕ ಕೊಡಲು ಹೋದಾಗ
ಎರ್ರೆಮ್ಮ ಉದ್ದನೆಯ ಬುಕ್ಕು ತೆಗೆದಳು.
ಸಹಿ ಮಾಡಿದೆ; ಹೆಬ್ಬೆರಳ ನೀಲಿ ಹಾಳೆಗೆ ಹತ್ತಿತು.
"ಹೋಗಂಗಿಲ್ಲೇನ್ರಿ ಅದು?"
ಇಲ್ಲ ಅಂದೆ.
ಅವಳು ತನ್ನ ಅಂಗೈ ಚಾಚಿದಳು:
ಟೊಮೆಟೊ ಗಿಡದ ಜಿಡ್ಡು, ಹಸಿರು ಹೋಗಿ ಕಪ್ಪಾದದ್ದು.

ಹೊಲದಲ್ಲಿ ಇನ್ನೂ ಏನೂ ಇರಲಿಲ್ಲ.
ಒದ್ದೆ ಮಣ್ಣು, ಹನಿ ನೀರಿನ ಪೈಪು, ಒಂದು ಹರಿದ ಛತ್ರಿ.
"ನಿಮ್ದು ಇದೇ."
ಎಲ್ಲಿಂದ ಎಲ್ಲಿಗೆ?
"ಹಂಗೇನಿಲ್ಲ. ಹದಿನೆಂಟರಾಗ ಒಂದು."
ಬಸ್ಸಿನಲ್ಲಿ ಲೆಕ್ಕ ಹಾಕಿದೆ:
ಒಂದರಲ್ಲಿ ಅರ್ಧ ಮಾಬುನ್ನಿಗೆ,
ನನಗೆ ಒಂದೂವರೆ ಗುಂಟೆ, ಮೇಲೆ ಚೂರು.
ಆ ಚೂರಿನಲ್ಲಿ ಏನು ಹಾಕುವುದೆಂದು
ಕೌಲ್ ಬಜಾರ್ ಬರುವತನಕ ಯೋಚಿಸಿದೆ,
ಹಾಕುವವಳು ನಾನಲ್ಲದಿದ್ದರೂ.

ಮೊದಲ ಗುರುವಾರ ಪುಂಡಿಪಲ್ಯ, ಮೂಲಂಗಿ,
ಚೀಲದ ತಳದಲ್ಲಿ ಹಗರಿಯ ಮರಳು.
ಎರಡನೆಯದಕ್ಕೆ ಚವಳಿಕಾಯಿ, ಚವಳಿಕಾಯಿ, ಚವಳಿಕಾಯಿ.
ಏಳನೆಯ ಗುರುವಾರ ಚೀಲ ಹಗುರ.
ಬರೀ ಹಸಿಮೆಣಸಿನಕಾಯಿ, ಜೊತೆಗೊಂದು ಚೀಟಿ,
ಚೀಟಿಯಲ್ಲಿ ಒಂದೇ ಪದ:
ನವಿಲು.

ಅಪ್ಪನ ಹೊಲಕ್ಕೆ ನವಿಲು ಬಂದಿತ್ತೋ ಇಲ್ಲವೋ,
ನನಗೆ ಯಾರೂ ಹೇಳಿ ಕಳಿಸಿದ್ದಿಲ್ಲ.

ಎಣಿಸಿದೆವು. ಇಪ್ಪತ್ತಮೂರು.
ಹನ್ನೊಂದು ಅತ್ತ, ಹನ್ನೊಂದು ಇತ್ತ.
ಉಳಿದ ಒಂದನ್ನು ಕಡಲೆಹಿಟ್ಟಿನಲ್ಲಿ ಅದ್ದಿ
ಅವಳ ಬಾಣಲೆಯಲ್ಲಿ, ನನ್ನ ಎಣ್ಣೆಯಲ್ಲಿ ಕರಿದು
ನಡುವೆ ಮುರಿದೆವು.
ಕಣ್ಣಲ್ಲಿ ನೀರು ಬರುವಷ್ಟು ಖಾರ.