ದಾದಾಪೀರನ ಪಂಚು

ಲೋಕಿಕೆರೆ ರಸ್ತೆಯ ಶೆಡ್ಡಿನಿಂದ ದಾದಾಪೀರ ತಂದದ್ದು
ಹಳೇ ಬನಿಯನ್ನಿನಲ್ಲಿ ಸುತ್ತಿದ ಒಂದು ಪಂಚು,
ಕಿರುಬೆರಳಿನಷ್ಟು.
ಮೈಯೆಲ್ಲ ಚಿನ್ನದ ಬಣ್ಣ, ತುದಿಯಲ್ಲಿ ಮಾತ್ರ ಉಕ್ಕಿನ ಬೂದು.
‘ಬಂಗಾರ ಅಲ್ರೀ ಮೇಡಂ, ಟೈಟೇನಿಯಂ ನೈಟ್ರೈಡು’
ಎಂದ, ನನಗೇ ಪಾಠ ಹೇಳುವವನಂತೆ.
‘ಹನ್ನೊಂದು ಸಾವಿರ ತೂತಿಗೆ ಸಿಪ್ಪೆ ಬಿಡ್ತು.’

ಮಂಡಕ್ಕಿ ಭಟ್ಟಿಗಳ ಜರಡಿಗೆ ತೂತು ಹೊಡೆಯುವುದು ಅವನ ಕಸುಬು.
ಮರಳು ಕೆಳಗಿಳಿಯಬೇಕು, ಅರಳಿದ್ದು ಮೇಲುಳಿಯಬೇಕು.
ಪಂಚಿನ ಅಂಚು ಮೊಂಡಾದರೆ ತೂತಿನ ಸುತ್ತ ಮುಳ್ಳೇಳುತ್ತದೆ,
ಮರಳು ಅಲ್ಲೇ ಸಿಕ್ಕಿಕೊಳ್ಳುತ್ತದೆ,
ಸಂಜೆ ದಾವಣಗೆರೆಗೆ ದಾವಣಗೆರೆಯೇ
ಹಲ್ಲಿನಡಿ ಕರಕರ.

ಗಟ್ಟಿಯಾದದ್ದೆಲ್ಲ ಬಾಳುವುದಿಲ್ಲ, ಅವನಿಗೆ ಹೇಳಿದೆ.
ಗಟ್ಟಿತನಕ್ಕೆ ಬಾಗಲು ಬರುವುದಿಲ್ಲ;
ಮೇಲೆ ಕೂತ ಪದರ, ಎಷ್ಟೆಂದರೂ ಮೇಲೆ ಕೂತದ್ದೇ.
ಒಂದು ಬಿರುಕು ದಾರಿ ಕಂಡುಕೊಂಡರೆ
ಉಳಿದವು ಅದರ ಹಿಂದೆ.

ಇನ್ನೊಂದು ಪದರ ಬಳಿಯುವುದಲ್ಲ ಉಪಾಯ,
ಇರುವುದರೊಳಗೇ ಹೊಗಿಸಬೇಕು.
ಏನನ್ನು? ಸಾರಜನಕವನ್ನು.
ನೀನೂ ನಾನೂ ಈಗ ಎಳೆದುಕೊಂಡ ಉಸಿರಿನ ಮುಕ್ಕಾಲು ಪಾಲು,
ಒಳಗೆ ಹೋಗಿ ಏನೂ ಮಾಡದೆ ವಾಪಸು ಬರುವ ಮೈಗಳ್ಳ.
ಅದರ ಒಂದು ಎಲೆಕ್ಟ್ರಾನು ಕಿತ್ತುಕೊಂಡು
ಗಾಳಿಯಿಲ್ಲದ ಕೊಳವೆಯಲ್ಲಿ ಲಕ್ಷ ವೋಲ್ಟಿನಿಂದ ಅಟ್ಟಿದರೆ
ಅದೇ ಮೈಗಳ್ಳ ಚಿನ್ನದ ಬಣ್ಣದ ಗೋಡೆಗೆ ನುಗ್ಗುತ್ತಾನೆ,
ಸಾಲಾಗಿ ಕೂತ ಪರಮಾಣುಗಳನ್ನು ಅತ್ತಿತ್ತ ತಳ್ಳಿ,
ತುಂಬಿದ ಹರಿಹರದ ಬಸ್ಸಿಗೆ ಕೊನೆಯಲ್ಲಿ ಹತ್ತಿದವನ ಹಾಗೆ
ನಿಲ್ಲಲು ಜಾಗ ಮಾಡಿಕೊಳ್ಳುತ್ತಾನೆ.
ಹಾಗೆ ಒತ್ತಿಕೊಂಡು ನಿಂತವರ ನಡುವೆ
ಬಿರುಕಿಗೆ ಬಾಯಿ ತೆರೆಯಲು ಎಡೆಯೆಲ್ಲಿ?

ಆ ಯಂತ್ರ ನಮ್ಮೂರಲ್ಲಿಲ್ಲ.
ಕೊರಿಯರಿನಲ್ಲಿ ಹೋದ ಪಂಚು ನಲವತ್ತು ದಿನಕ್ಕೆ ಮರಳಿತು.
ದಾದಾಪೀರ ಬೆಳಕಿಗೆ ಹಿಡಿದ, ಉಗುರಿನಿಂದ ಗೀರಿದ,
‘ಹಂಗೇ ಐತಲ್ರೀ!’

ಜೊತೆಗೆ ಹೋಗಿಬಂದ ಬಿಲ್ಲೆಯನ್ನು ಕೊಟ್ರೇಶ ಯಂತ್ರಕ್ಕೆ ಕಚ್ಚಿಸಿದ.
ಬಿಲ್ಲೆಯ ಮೇಲೆ ಗುಂಡು, ಗುಂಡಿನ ಮೇಲೆ ತೂಕ.
ತಿರುಗಿತು, ಉಜ್ಜಿತು, ಎರಡು ಸಲ ಕರೆಂಟು ಹೋಯಿತು,
ಮತ್ತೆ ತಿರುಗಿತು.
ಹೊಕ್ಕ ಆಳ ಕೂದಲಿನ ಐನೂರರಲ್ಲೊಂದು ಪಾಲೂ ಇಲ್ಲ.
ಅಷ್ಟೂ ಸವೆದುಹೋದ ಮೇಲೂ
ಸವೆತ ತನ್ನ ಹಳೇ ನಡಿಗೆಗೆ ಮರಳಲಿಲ್ಲ.
ಯಾಕೆ? ವರದಿಯಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ.

ದೀಪಾವಳಿ ಕಳೆದು ದಾದಾಪೀರ ಮತ್ತೆ ಬಂದ.
ಒಂದು ಪೊಟ್ಟಣ ನರ್ಗಿಸ್ ಮಂಡಕ್ಕಿ,
ಮೂವತ್ತೆಂಟು ಸಾವಿರ ತೂತಿನ ಲೆಕ್ಕ ಬರೆದ ರಟ್ಟು,
ಹಿಂದೆ, ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಹೆಂಡತಿ ಮಾಬುನ್ನಿ.
ಭಟ್ಟಿಯ ಕಾದ ಮರಳಿನ ಜೊತೆ ಇಪ್ಪತ್ತಾರು ವರ್ಷ.
‘ರೇಷನ್ ಅಂಗಡಿ ಮಿಷನ್ನು ಈಕಿ ಹೆಬ್ಬೆಟ್ಟು ಒಪ್ಪವಲ್ದು.
ಇದಕ್ಕೇನಾರ ಹೊಗ್ಸಾಕ ಬರ್ತೈತೇನ್ರೀ?’
ನಕ್ಕದ್ದು ಅವನೊಬ್ಬನೇ.

ಸೂಕ್ಷ್ಮದರ್ಶಕದ ಕೆಳಗೆ ಆಕೆಯ ಹೆಬ್ಬೆಟ್ಟು ಇರಿಸಿ ನೋಡಿದೆ.
ಗೆರೆಗಳಿರಬೇಕಾದಲ್ಲಿ
ಬಿಲ್ಲೆಯ ಮೇಲೆ ಕಂಡ ಅದೇ ನುಣುಪು ಜಾಡು.
ಕೈ ತನ್ನ ಪಾಡಿಗೆ ಪುಸ್ತಕ ತೆರೆದು ಬರೆಯತೊಡಗಿತು.
ದೂರ: ಇಪ್ಪತ್ತಾರು ವರ್ಷ.
ಭಾರ:

ಅಷ್ಟರಲ್ಲಿ ಮಾಬುನ್ನಿ ಬೆರಳೆಳೆದುಕೊಂಡು
ಸೆರಗಿಗೆ ಒರೆಸಿಕೊಂಡಳು.
‘ನಂದೇನ್ ನೋಡ್ತೀರಿ ಬಿಡ್ರಿ,
ಆ ಬಂಗಾರದ್ದು ತೋರಿಸ್ರಿ.’